ಅಡುಗೆಮನೆ ಗೋಡೆ

ಏಪ್ರಿಲ್ 18, 2025, ಶುಕ್ರವಾರ. ರಾತ್ರಿ 10.30

ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣದ ಪುಡಿ ಕೂತಿದೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ. ಮರೆಯೋ ಮುಂಚೆ ಬರೆದಿಡಬೇಕು.

ಇವತ್ತು ವಿಶ್ವ ಪರಂಪರೆ ದಿನ, ಜೊತೆಗೆ ಗುಡ್ ಫ್ರೈಡೇ ರಜೆ. ಬೆಳಗ್ಗೆ ಆರೂವರೆಗೆ ಮೈಸೂರಿನ ಟೌನ್ ಹಾಲ್ ಮುಂದಿನಿಂದ ನಾವೇ ಪರಿಚಯದವರೆಲ್ಲ ಸೇರಿ ಹಳೇ ಕಟ್ಟಡ ನೋಡುವ ನಡಿಗೆ ಇಟ್ಟುಕೊಂಡಿದ್ದೆವು. ದಸರಾದಲ್ಲಿ ಆಗುವಂಥ ದೊಡ್ಡದಲ್ಲ. ಟಾಂಗಾ ಇಲ್ಲ, ಪೇಟ ಕಟ್ಟಿದ ಜೋಡಿಗಳಿಲ್ಲ. ಮೂವತ್ತು ಜನ ಇದ್ದಿರಬಹುದು, ಅರ್ಧ ಮಕ್ಕಳೇ.

ದೊಡ್ಡ ಗಡಿಯಾರದ ಕೆಳಗೆ ಮಕ್ಕಳು ಜಗಳಕ್ಕೆ ಬಿದ್ದರು. ಅದರಲ್ಲಿರೋದು ಕನ್ನಡ ಅಂಕಿ ಅಲ್ವಾ, ೬ ಯಾವುದು, ೯ ಯಾವುದು ಅಂತ. ದಿನಾ ಅದರ ಪಕ್ಕದಲ್ಲೇ ಸ್ಕೂಲ್ ವ್ಯಾನಿನಲ್ಲಿ ಹೋಗುವ ಪುಟ್ಟಿ ಇವತ್ತೇ ಮೊದಲ ಸಲ ಕತ್ತೆತ್ತಿ ಸರಿಯಾಗಿ ನೋಡಿದಳು. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಕಟ್ಟಿದ್ದು ಅಂತ ಹೇಳಿದೆ. "ಅಷ್ಟು ಹಳೇದಾ? ಮತ್ತೆ ಟೈಮ್ ಸರಿಯಾಗಿ ತೋರಿಸತ್ತಾ?" ಅಂದಳು.

ಲ್ಯಾನ್ಸ್‌ಡೌನ್ ಕಟ್ಟಡದ ಎದುರು ಮಾತ್ರ ನನಗೆ ಮಾತೇ ಹೊರಡಲಿಲ್ಲ. 1892ರದ್ದು. ಪಿಯುಸಿಗೆ ಸೆಕೆಂಡ್ ಹ್ಯಾಂಡ್ ಪುಸ್ತಕ ತಗೊಳ್ಳೋಕೆ ಅಪ್ಪನ ಜೊತೆ ಬಂದಿದ್ದು ಇಲ್ಲಿಗೇ. ಯಾರೋ ಹಿಂದಿನ ಹುಡುಗಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ ಕೆಮಿಸ್ಟ್ರಿ ಪುಸ್ತಕ. ಅಪ್ಪ ಐದು ರೂಪಾಯಿಗೂ ಚೌಕಾಸಿ ಮಾಡುತ್ತಿದ್ದರು, ಆಮೇಲೆ ಅದೇ ದುಡ್ಡಲ್ಲಿ ನನಗೆ ಕಬ್ಬಿನ ಹಾಲು ಕೊಡಿಸುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗವೂ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇರೋದನ್ನೇ ರಿಪೇರಿ ಮಾಡಬೇಕೋ ಅಂತ ಕೋರ್ಟಿನವರೆಗೂ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ರಿಪೇರಿ ಮಾಡಿ ಅನ್ನೋರ ಕಡೆಗೇ ನಾನು. ಆದರೆ ಆ ನಾಲ್ಕು ಜನರನ್ನು ನೆನೆಸಿಕೊಂಡರೆ ಸುಮ್ನೆ "ಉಳಿಸಿ, ಉಳಿಸಿ" ಅಂತ ಕೂಗೋಕೂ ಬಾಯಿ ಬರಲ್ಲ.

ಅಲ್ಲೇ ಅವರು ಸಿಕ್ಕಿದ್ದು. ಎಪ್ಪತ್ತೈದು ದಾಟಿರಬೇಕು. ಮೊಮ್ಮಗನ ಕೈ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಸುಣ್ಣದ ಗಾರೆ ಕೆಲಸದ ಹಳೇ ಮೇಸ್ತ್ರಿ. ನಮ್ಮ ಅಡುಗೆಮನೆ ಗೋಡೆ ವಿಷಯ ನಾನು ಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಎಷ್ಟು ಸಲ ಬಣ್ಣ ಹೊಡೆಸಿದರೂ ಉಬ್ಬಿ ಉದುರುತ್ತೆ ಅಂತ.

"ಸಿಮೆಂಟ್ ಬಳಿಸಿದ್ದೀರಾ ತಾಯಿ?" ಅಂದರು ಹಿಂದಿನಿಂದ.

ಹೌದು ಅಂದೆ. ಹತ್ತು ವರ್ಷದ ಹಿಂದೆ, ಅಪ್ಪ ಇದ್ದಾಗಲೇ.

ನಡಿಗೆ ಮುಗಿದ ಮೇಲೆ ಅವರನ್ನು ಮನೆಗೇ ಕರೆದುಕೊಂಡು ಬಂದೆ. ಅಗ್ರಹಾರದ ಹಳೇ ಮನೆ, ನಿಮಗೆ ಗೊತ್ತಿರೋದೇ. ಒಳಗೆ ಕಾಲಿಟ್ಟವರು ಮೊದಲು ನೋಡಿದ್ದು ಮೇಲಕ್ಕೆ. ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ ಮದ್ರಾಸ್ ತಾರಸಿ. "ಒಳ್ಳೆ ಕೈ ಕೆಲಸ" ಅಂತ ಸ್ವಲ್ಪ ಹೊತ್ತು ಹಾಗೇ ನಿಂತರು. ಕಾಫಿ ಕೊಟ್ಟೆ. ಲೋಟ ಕಟ್ಟೆ ಮೇಲಿಟ್ಟು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಒಂದು ಕಡೆ ಗಟ್ಟಿ ಸದ್ದು, ಪಕ್ಕದಲ್ಲೇ ಟೊಳ್ಳು. ಸಾರಿನ ಸೌಟಿನ ಹಿಡಿ ತಗೊಂಡು ಒಂದು ಬಿರುಕಿಗೆ ಹಾಕಿ ಮೀಟಿದರು. ಅಂಗೈ ಅಗಲದ ಸಿಮೆಂಟ್ ಹಪ್ಪಳದ ಹಾಗೆ ಎದ್ದು ಬಂತು. ಒಳಗಡೆ ಇಟ್ಟಿಗೆ ಒದ್ದೆ. ಮುಟ್ಟಿದರೆ ಕೆಂಪು ಪುಡಿ ಕೈಗೆ ಬರುತ್ತೆ.

"ನೋಡಿ, ನೀರು ಒಳಗೇ ನಿಂತುಬಿಟ್ಟದೆ. ಗಾರೆ ಆಗಿದ್ರೆ ಹೀರ್ಕೊಂಡು ಹೊರಕ್ಕೆ ಬಿಡ್ತಿತ್ತು. ಸಿಮೆಂಟ್ ಬಾಯಿ ಮುಚ್ಚಿಬಿಡ್ತದೆ. ಗೋಡೆ ಉಸಿರಾಡೋದು ಹೆಂಗೆ?"

ನನಗೆ ಅಳು ಬಂದಿದ್ದು ಯಾಕೆ ಅಂತ ಗೊತ್ತಿಲ್ಲ. ಅಪ್ಪ ಸಾಲ ಮಾಡಿ ಮಾಡಿಸಿದ್ದು ಅದು. ಮನೆ ಇನ್ನೂ ಐವತ್ತು ವರ್ಷ ಗಟ್ಟಿಯಾಗಿರಲಿ ಅಂತಲೇ ಮಾಡಿಸಿದ್ದು. ಕಂಟ್ರಾಕ್ಟರ್ ಹಾಗೇ ಹೇಳಿದ್ದ, ಅಪ್ಪ ನಂಬಿದರು.

ಮೇಸ್ತ್ರಿಗಳು ಹೇಳಿದ ಹದ ಬರೆದುಕೊಂಡಿದ್ದೇನೆ. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಬೇಕು. ಕುದಿಯುತ್ತೆ, ಮಕ್ಕಳನ್ನು ಹತ್ತಿರ ಬಿಡಬಾರದು. ಅರಳಿದ್ದನ್ನು ನೀರಿನ ಕೆಳಗೇ ದಿನಗಟ್ಟಲೆ ಬಿಡಬೇಕು, ಎಷ್ಟು ಕೊಳೆತರೆ ಅಷ್ಟು ಒಳ್ಳೇದು. ಆಮೇಲೆ ಮರಳು, ಇಟ್ಟಿಗೆ ಪುಡಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಯಬೇಕು. ಅವರಪ್ಪನ ಕಾಲದಲ್ಲಿ ಎತ್ತು ಕಟ್ಟಿ ಕಲ್ಲಿನ ಚಕ್ರದಲ್ಲಿ ಅರೆಯುತ್ತಿದ್ದರಂತೆ. ಗೋಡೆಗೆ ತೆಳ್ಳಗೆ, ಪದರ ಪದರವಾಗಿ. ಬೇಗ ಒಣಗಲು ಬಿಡಬಾರದು, ನೀರು ಚಿಮುಕಿಸುತ್ತಲೇ ಇರಬೇಕು. "ಗಾರೆಗೆ ಅವಸರ ಆಗಲ್ಲ ತಾಯಿ" ಅಂದರು.

ನೀವೇ ಮಾಡಿಕೊಡುತ್ತೀರಾ ಯಜಮಾನರೇ ಅಂತ ಕೇಳಿದೆ. ಕೈ ತೋರಿಸಿದರು. ಬೆರಳು ಪೂರ್ತಿ ಮಡಚೋದಿಲ್ಲ. ಮಗ ಟೈಲ್ಸ್ ಕೆಲಸಕ್ಕೆ ಹೋಗುತ್ತಾನೆ, ಅವನಿಗೆ ಇದು ಬರಲ್ಲ. ಕಲಿಯೋಕೆ ಯಾರೂ ಬರಲಿಲ್ಲ ಅಂದರು, ಬೇಜಾರಿನ ದನಿಯಲ್ಲೂ ಅಲ್ಲ. ನಮ್ಮ ನಡಿಗೆಯಲ್ಲಿ ಯಾವ ಕಟ್ಟಡ ಯಾವ ಇಸವಿಯದ್ದು ಅಂತ ಎಲ್ಲರಿಗೂ ಬಾಯಿಪಾಠ ಇತ್ತು. ಗಾರೆ ಕಲಸೋಕೆ ಬರುತ್ತಿದ್ದವರು ಅವರೊಬ್ಬರೇ. ಅವರ ಕೈಗೆ ನಾವು ಮೈಕ್ ಕೊಡಲೇ ಇಲ್ಲ. ಮುಂದಿನ ಸಲ ನಡಿಗೆ ಅರ್ಧ ಸಾಕು, ಉಳಿದರ್ಧ ಯಾರದಾದರೂ ಹಿತ್ತಲಲ್ಲಿ ಸುಣ್ಣ ಅರಳಿಸೋಣ ಅಂತ ಗುಂಪಿಗೆ ಮೆಸೇಜ್ ಹಾಕಿದ್ದೇನೆ. ಹನ್ನೊಂದು ಜನ ಹೆಬ್ಬೆರಳು ಒತ್ತಿದ್ದಾರೆ. ಬರುತ್ತೇನೆ ಅಂತ ಬರೆದವರು ಇಬ್ಬರು. ಇಬ್ಬರು ಸಾಕು.

ಭಾನುವಾರ ಬರುತ್ತೇನೆ, ಕೂತು ಹೇಳಿಕೊಡುತ್ತೇನೆ ಅಂದಿದ್ದಾರೆ ಮೇಸ್ತ್ರಿಗಳು. ಅಳಲೆಕಾಯಿ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತೆ. ಸುಣ್ಣದ ಕಲ್ಲು ಎಲ್ಲಿ ಸಿಗುತ್ತೋ ನಾಳೆ ವಿಚಾರಿಸಬೇಕು.

ಅಣ್ಣನಿಗೆ ಇನ್ನೂ ಹೇಳಿಲ್ಲ. ಸಂಜೆ ಫೋನ್ ಮಾಡಿದ್ದ, ಮತ್ತೆ ಅದೇ ಮಾತು, ಮನೆ ಕೆಡವಿ ಮೂರು ಫ್ಲೋರ್ ಎಬ್ಬಿಸೋಣ ಅಂತ. ಗೋಡೆ ನೆಂದಿದೆ ಅಲ್ವಾ, ಅದನ್ನೇ ಕಾರಣ ಕೊಡುತ್ತಾನೆ. ಆ ಅಂಗೈ ಅಗಲದ ತೂತಿನ ಫೋಟೋ ತೆಗೆದಿಟ್ಟಿದ್ದೇನೆ. ಕಳಿಸಲಾ ಬೇಡವಾ ಅಂತ ಒಂದು ಗಂಟೆಯಿಂದ ಯೋಚಿಸುತ್ತಿದ್ದೇನೆ.