ಹೊರಳಿದ ಪಾದ

ಇಂಡಿ ತಾಲ್ಲೂಕಿನ ಒಂದು ಹಳ್ಳಿ, ನಸುಕಿನ 5 ಗಂಟೆ. 78 ವರ್ಷದ ಅಜ್ಜಿ ಬಚ್ಚಲಿನ ಒದ್ದೆ ಫರಸಿ ಮೇಲೆ ಜಾರಿ ಬಿದ್ದಳು. ಬಿದ್ದದ್ದು ನಿಂತ ಎತ್ತರದಿಂದಷ್ಟೇ. ಸವೆದ ಎಲುಬಿಗೆ ಅಷ್ಟೇ ಸಾಕಾಯಿತು.

ಮಂದಿ ಕೂಡಿ ಹೊರಸಿನ ಮೇಲೆ ಮಲಗಿಸಿದರು. ಒಬ್ಬರು ತಿಕ್ಕಲು ಎಣ್ಣೆ ಕಾಯಿಸಿದರು, ಇನ್ನೊಬ್ಬರು ಪಟ್ಟಿ ಕಟ್ಟುವವರಿಗೆ ಫೋನ್ ಹಚ್ಚಿದರು. ಪಾದ ಮಾತ್ರ ಎಲ್ಲವನ್ನೂ ಹೇಳುತ್ತಿತ್ತು. ಬಲಗಾಲು ಎರಡು ಬೆರಳಷ್ಟು ಗಿಡ್ಡವಾಗಿ, ಹೆಬ್ಬೆರಳು ಸೂರು ನೋಡುವುದು ಬಿಟ್ಟು ಗೋಡೆ ಕಡೆ ಹೊರಳಿತ್ತು. ತೊಡೆಸಂದಿಯಲ್ಲಿ ತಡೆಯಲಾರದ ನೋವು. ಇಂಥ ಕಾಲನ್ನು ತಿಕ್ಕಬಾರದು, ಜಗ್ಗಬಾರದು, ನಿಲ್ಲಿಸಿ ನೋಡಲೂಬಾರದು. ಕಾಲುಗಳ ನಡುವೆ ದಿಂಬಿಟ್ಟು, ದುಪ್ಪಟಿಯಿಂದ ಸಡಿಲಾಗಿ ಸೇರಿಸಿ ಕಟ್ಟಿ, 108ಕ್ಕೆ ಕರೆ ಮಾಡಬೇಕು. ದಿನವೂ ನುಂಗುವ ಗುಳಿಗೆಗಳ ಚೀಟಿ ಜೊತೆಗಿರಲಿ, ರಕ್ತ ತೆಳು ಮಾಡುವ ಗುಳಿಗೆ ಇದ್ದರಂತೂ ಮರೆಯಲೇಬಾರದು. ಕೆಲವರಲ್ಲಿ ಮುರಿದ ತುದಿಗಳು ಒಂದರೊಳಗೊಂದು ನೆಟ್ಟು ಕೂತು ನಾಲ್ಕು ಹೆಜ್ಜೆ ನಡೆಯಲೂ ಬರುತ್ತದೆ. ಮನೆಯವರು ಮೋಸಹೋಗುವುದು ಅಲ್ಲೇ.

ವಿಜಯಪುರದ ದವಾಖಾನೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ತೊಡೆ ಎಲುಬಿನ ಕುತ್ತಿಗೆ, ಅಂದರೆ ಸೊಂಟದ ಕೀಲಿನ ಹತ್ತಿರದ ಸಪೂರ ಭಾಗ, ತುಂಡಾಗಿ ಸರಿದಿತ್ತು. ಕೀಲಿನಲ್ಲಿ ಕೂರುವ ಎಲುಬಿನ ಮೇಲ್ತುದಿಯ ಗುಂಡು ಭಾಗಕ್ಕೆ ರಕ್ತ ಬಹುಪಾಲು ಆ ಕುತ್ತಿಗೆಯ ಮೇಲಿಂದಲೇ ಹೋಗುತ್ತದೆ. ಅದು ಕಡಿದರೆ ಗುಂಡು ಸಾಯುವ ಭಯ, ಹಾಗಾಗಿ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಲೋಹದ ಗುಂಡು ಕೂರಿಸುತ್ತಾರೆ. ಕುತ್ತಿಗೆಯ ಕೆಳಗೆ ಮುರಿದಿದ್ದರೆ ರಾಡು, ಸ್ಕ್ರೂ.

"ಈ ವಯಸ್ಸಿಗೆ ಆಪರೇಶನ್ ಯಾಕ್ರೀ, ಮಲಗಿರ್ಲಿ ಬಿಡ್ರಿ" ಎಂದ ಮಗ. ಅದು ಪ್ರೀತಿಯ ಮಾತೇ, ಆದರೆ ಮಲಗಿದ್ದರೆ ಕೆಲವೇ ದಿನಕ್ಕೆ ಬೆನ್ನ ಬುಡದ ಚರ್ಮ ಕೆಂಪಾಗಿ ಹುಣ್ಣು ಬೀಳುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಮೀನಖಂಡದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೂ ಹೋಗಬಹುದು. ಆದ್ದರಿಂದಲೇ 48 ತಾಸಿನೊಳಗೆ ಆಪರೇಶನ್ ಮಾಡಿ, ಮರುದಿನವೇ ಕೂರಿಸಿ ವಾಕರ್ ಹಿಡಿಸಿ ನಿಲ್ಲಿಸುವುದು.

ಮನೆಗೆ ಕಳಿಸುವಾಗ ಹೆಚ್ಚಾಗಿ ತಪ್ಪಿಹೋಗುವುದು ಎಲುಬಿನ ಔಷಧ. ಜೋಳದ ರೊಟ್ಟಿ ಎಲುಬು ಗಟ್ಟಿ ಮಾಡುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಆಸುಪಾಸು, ರಾಗಿಯಲ್ಲಿ ಸುಮಾರು 350. ದಿನಕ್ಕೆ ಬೇಕಾದದ್ದು 1000ದಿಂದ 1200. ಮೊಸರು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರಲಿ, ಆದರೆ ಇಷ್ಟು ಸವೆದ ಎಲುಬಿಗೆ ಊಟವೊಂದೇ ಸಾಲದು. ವೈದ್ಯರು ಅಲೆಂಡ್ರೊನೇಟ್ ಎಂಬ ವಾರಕ್ಕೊಮ್ಮೆಯ ಎಲುಬಿನ ಗುಳಿಗೆ ಬರೆದರೆ ನಸುಕಿನಲ್ಲಿ ಖಾಲಿ ಹೊಟ್ಟೆಗೆ, ಚಹಾದ ಜೊತೆ ಬೇಡ, ತುಂಬು ಲೋಟ ನೀರಿನಲ್ಲೇ ನುಂಗಬೇಕು. ಆಮೇಲೆ ಅರ್ಧ ತಾಸು ಮಲಗುವಂತಿಲ್ಲ, ಅನ್ನನಾಳ ಸುಡುತ್ತದೆ.

ಅಜ್ಜಿ ಮನೆಗೆ ಬರುವ ಮೊದಲೇ ಮಗ ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿಕೆ ಜಡಿಸಿದ.