ದಾಂಡೊಲೊ ಹೆಸರಿನ ಕಲ್ಲು

ಏಪ್ರಿಲ್ 13, 2025, ಭಾನುವಾರ
ಇಸ್ತಾಂಬುಲ್, ರಾತ್ರಿ ಹತ್ತೂವರೆ

ಕಾಲು ನೋಯುತ್ತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ತಂಗಿ ಆಗಲೇ ಮಲಗಿದ್ದಾಳೆ. ಇವತ್ತು ನೋಡಿದ್ದನ್ನು ಇವತ್ತೇ ಬರೆದಿಡದಿದ್ದರೆ ನಾಳೆಗೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಎದ್ದು ಕೂತೆ.

ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುತ್ತಾ ನನಗೆ 19 ವರ್ಷ ಆಯ್ತು. ಶಾಲೆ ಶುರುವಾದ ಕೂಡಲೇ ಬರುವ ಪಾಠ ಭಾರತಕ್ಕೆ ಯುರೋಪಿಯನ್ನರ ಆಗಮನ. 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ವ್ಯಾಪಾರದ ದಾರಿ ಅವರ ಕೈಗೆ ಹೋಯಿತು, ಯುರೋಪಿನವರು ಹೊಸ ಜಲಮಾರ್ಗ ಹುಡುಕಲು ಹೊರಟರು. ಈ ಸಾಲನ್ನು ಕರ್ನಾಟಕದಲ್ಲಿ ಹತ್ತನೇ ಕ್ಲಾಸು ದಾಟಿದವರೆಲ್ಲ ಬಾಯಿಪಾಠ ಮಾಡಿದ್ದಾರೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಅಷ್ಟು ವರ್ಷ ಯಾರ ಕೈಲೂ ಆಗದೇ ಇದ್ದದ್ದು ಅವತ್ತು ಹೇಗಾಯ್ತು?" ಅಂತ ಕೇಳಿದ. ದೊಡ್ಡ ಫಿರಂಗಿಗಳು ಬಂದಿದ್ದವು ಅಂದೆ. ಅದು ತಪ್ಪು ಉತ್ತರವಲ್ಲ. ಆದರೆ ಸಾಲದು ಅಂತ ಹೇಳುವಾಗಲೇ ಗೊತ್ತಿತ್ತು. ಆಮೇಲೆ ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ. ಬೇಸಿಗೆ ರಜಾಕ್ಕೆ ಇಲ್ಲಿಗೇ ಬರಬೇಕು ಅನ್ನಿಸಿದ್ದೂ ಆ ಹುಡುಗನಿಂದಲೇ.

ಏಪ್ರಿಲ್ 13ಕ್ಕೇ ಹಾಗಿಯಾ ಸೋಫಿಯಾ, ಅಂದರೆ ಆಗಿನ ದೊಡ್ಡ ಚರ್ಚು, ಈಗಿನ ಮಸೀದಿ, ನೋಡಬೇಕು ಅಂತ ಹಟ ಹಿಡಿದವಳೂ ನಾನೇ. 1204ರ ಇದೇ ದಿನ ಬೆಳಗಾದಾಗ ಈ ನಗರ, ಆಗಿನ ಕಾನ್‌ಸ್ಟಾಂಟಿನೋಪಲ್, ಕ್ರುಸೇಡರ್‌ಗಳ ಕೈಯಲ್ಲಿತ್ತು, ಅಂದರೆ ಪಶ್ಚಿಮ ಯುರೋಪಿನಿಂದ ಧರ್ಮಯುದ್ಧಕ್ಕೆ ಹೊರಟ ಕ್ರಿಶ್ಚಿಯನ್ ಸೈನಿಕರ ಕೈಯಲ್ಲಿ.

ಪ್ರವಾಸಿಗರನ್ನು ಈಗ ಮೇಲಿನ ಗ್ಯಾಲರಿಗೆ ಮಾತ್ರ ಬಿಡುತ್ತಾರೆ. ಟಿಕೆಟ್ 25 ಯೂರೋ. ಕೆಳಗೆ ನಮಾಜಿಗೆ ಬರುವವರಿಗೆ ಮಾತ್ರ ಜಾಗ. ಮೇಲೆ ಹತ್ತಲು ಮೆಟ್ಟಿಲಲ್ಲ, ಕಲ್ಲು ಹಾಸಿದ ಇಳಿಜಾರು ದಾರಿ, ಸುತ್ತಿ ಸುತ್ತಿ ಹೋಗುತ್ತದೆ. ಅಷ್ಟು ಜನ ನಡೆದು ಕಲ್ಲೆಲ್ಲ ನುಣುಪಾಗಿದೆ. ದಕ್ಷಿಣದ ಗ್ಯಾಲರಿಯಲ್ಲಿ ದೆಯೆಸಿಸ್ ಅನ್ನುವ ಮೊಸಾಯಿಕ್, ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ, ಇದೆ: ನಡುವೆ ಕ್ರಿಸ್ತ, ಒಂದು ಕಡೆ ಮೇರಿ, ಇನ್ನೊಂದು ಕಡೆ ಸ್ನಾನಿಕ ಯೋಹಾನ. ಕೆಳಭಾಗ ಉದುರಿಹೋಗಿದೆ, ಮುಖಗಳು ಮಾತ್ರ ಉಳಿದಿವೆ. ಪಕ್ಕದ ಕಿಟಕಿಯ ಬೆಳಕು ಯಾವ ಕಡೆಯಿಂದ ಬೀಳುತ್ತದೋ, ಮೊಸಾಯಿಕ್ ಮುಖಗಳ ನೆರಳನ್ನೂ ಅದಕ್ಕೆ ತಕ್ಕ ಹಾಗೇ ಜೋಡಿಸಿದ್ದಾರೆ. ಯೋಹಾನನ ಹುಬ್ಬು ಗಂಟಿಕ್ಕಿದೆ, ಎಷ್ಟೋ ದಿನದಿಂದ ಅತ್ತು ಸುಸ್ತಾದವನ ಮುಖ. ಅಲ್ಲಿ ಜನ ಜಾಸ್ತಿ, ಎಲ್ಲರ ಫೋನೂ ಮೇಲೆ.

ಅದರ ಎದುರಿಗೇ, ನೆಲದಲ್ಲಿ, ಒಂದು ಸಣ್ಣ ಅಮೃತಶಿಲೆಯ ಹಲಗೆ ಇದೆ. ಅದರ ಮೇಲೆ ಲ್ಯಾಟಿನ್ ಅಕ್ಷರದಲ್ಲಿ ಎರಡೇ ಪದ: ಹೆನ್ರಿಕಸ್ ದಾಂಡೊಲೊ.

ನಾನು ಬಂದಿದ್ದು ಇದನ್ನು ನೋಡಲು. ಕಲ್ಲು ಅಷ್ಟು ಹಳೆಯದಲ್ಲ, 19ನೇ ಶತಮಾನದಲ್ಲಿ ಕಟ್ಟಡದ ರಿಪೇರಿ ನಡೆದಾಗ ಹಾಕಿದ್ದು. ಆದರೆ ಎನ್ರಿಕೊ ದಾಂಡೊಲೊನನ್ನು 1205ರಲ್ಲಿ ಹೂತಿದ್ದು ಈ ಚರ್ಚಿನಲ್ಲೇ. ಅವನು ವೆನಿಸ್‌ನ ದೋಜ್, ಅಂದರೆ ಆ ನಗರದ ಮುಖ್ಯಸ್ಥ. ವಯಸ್ಸು 90ರ ಹತ್ತಿರ, ಕಣ್ಣು ಕಾಣುತ್ತಿರಲಿಲ್ಲ. ಈ ನಗರವನ್ನು ಲೂಟಿ ಮಾಡಿದವರ ಮುಂದಾಳು ಅವನೇ. ತಂಗಿ ಬಗ್ಗಿ ಓದಿ, "ಅಕ್ಕಾ, ಲೂಟಿ ಮಾಡಿದವನನ್ನ ಇಲ್ಲೇ ಯಾಕೆ ಹೂತ್ರು?" ಅಂದಳು. ಆಗ ನಗರ ಅವರದ್ದೇ ಆಗಿತ್ತು ಕಣೇ ಅಂದೆ. ಅವಳು ಸುಮ್ಮನಾದಳು.

ಈ ನಗರ ರಾಜಧಾನಿಯಾಗಿದ್ದ ಸಾಮ್ರಾಜ್ಯವನ್ನು ನಾವು ಬೈಜಾಂಟಿಯನ್ ಅನ್ನುತ್ತೇವೆ, ಆದರೆ ಅಲ್ಲಿನ ಜನ ತಮ್ಮನ್ನು ಬೈಜಾಂಟಿಯನ್ನರು ಅಂತ ಕರೆದುಕೊಂಡವರೇ ಅಲ್ಲ. ಅವರ ಪ್ರಕಾರ ಅವರು ರೋಮನ್ನರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 330ರಲ್ಲಿ ಉದ್ಘಾಟಿಸಿದ ರಾಜಧಾನಿ, ಮಾತಾಡುವುದು ಗ್ರೀಕ್, ಧರ್ಮ ಕ್ರಿಶ್ಚಿಯನ್. 626ರಲ್ಲಿ ಅವಾರರು ಅನ್ನುವ ಅಲೆಮಾರಿ ಜನ ದಂಡೆತ್ತಿ ಬಂದರು, ಆಮೇಲೆ ಅರಬರು, 717ರಲ್ಲಿ ಮತ್ತೆ ಅರಬರು. ಯಾರಿಗೂ ಗೋಡೆ ದಾಟಲು ಆಗಲಿಲ್ಲ. ಕೊನೆಗೆ ದಾಟಿದವರು ಹೆಗಲ ಮೇಲೆ ಶಿಲುಬೆ ಹೊಲಿದುಕೊಂಡು ಬಂದವರು. ನಾನು ಹತ್ತೊಂಬತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಲಿಲ್ಲವಲ್ಲ ಅನ್ನುವುದೇ ಇವತ್ತು ಇಡೀ ದಿನ ಕೊರೆಯುತ್ತಿತ್ತು.

ಕ್ರುಸೇಡ್ ಅಂದರೆ ಕ್ರಿಶ್ಚಿಯನ್ನರು ಮತ್ತು ಮುಸ್ಲಿಮರ ಯುದ್ಧ, ಅಷ್ಟೇ, ಅಂತ ನಾವು ಒಂದೇ ಮಾತಲ್ಲಿ ಮುಗಿಸುತ್ತೇವೆ. ಶುರುವಾದದ್ದು ಹೆಚ್ಚುಕಮ್ಮಿ ಹಾಗೇ. 1071ರಲ್ಲಿ ಮಂಜಿಕರ್ಟ್ ಯುದ್ಧದಲ್ಲಿ ಸೆಲ್ಜುಕ್ ತುರ್ಕರು ಇಲ್ಲಿನ ಚಕ್ರವರ್ತಿಯನ್ನೇ ಸೆರೆಹಿಡಿದರು, ಮುಂದಿನ ಹತ್ತಿಪ್ಪತ್ತು ವರ್ಷದಲ್ಲಿ ಅನಾಟೋಲಿಯಾದ ಬಹುಪಾಲು ಕೈಬಿಟ್ಟುಹೋಯಿತು. ಆಮೇಲಿನ ಚಕ್ರವರ್ತಿ ಅಲೆಕ್ಸಿಯೊಸ್ ಕೊಮ್ನೆನೊಸ್ 1095ರಲ್ಲಿ ಪೋಪನ ಹತ್ತಿರ ಸಹಾಯ ಕೇಳಿದ. ಅವನಿಗೆ ಬೇಕಿದ್ದದ್ದು ತನ್ನ ಮಾತು ಕೇಳುವ ಒಂದಷ್ಟು ಕೂಲಿ ಸೈನಿಕರು. ಬಂದದ್ದು ಜೆರುಸಲೇಮಿಗೆ ಹೊರಟ ಜನಸಾಗರ. ಗೆದ್ದ ನಿಮ್ಮ ಹಳೇ ಊರುಗಳನ್ನು ನಿಮಗೇ ಕೊಡುತ್ತೇವೆ ಅಂತ ನಾಯಕರು ಅವನ ಮುಂದೆ ಪ್ರಮಾಣ ಮಾಡಿದರು. ನೈಸಿಯಾ ಅವನಿಗೆ ಸಿಕ್ಕಿತು. ಅಂತಿಯೋಕ್ ಸಿಗಲಿಲ್ಲ, ಆ ನಾಯಕರಲ್ಲೊಬ್ಬನಾದ ಬೊಹೆಮಂಡ್ ಅದನ್ನು ತಾನೇ ಇಟ್ಟುಕೊಂಡ. ಅಲ್ಲಿಂದ ಶುರುವಾದ ಅಪನಂಬಿಕೆ ನೂರು ವರ್ಷ ಬೆಳೆಯಿತು. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಚರ್ಚುಗಳ ಜಗಳ ಅದಕ್ಕೂ ಹಳೆಯದು: 1054ರಲ್ಲಿ ರೋಮಿನಿಂದ ಬಂದ ಕಾರ್ಡಿನಲ್ ಹಂಬರ್ಟ್ ಬಹಿಷ್ಕಾರದ ಪತ್ರ ಇಟ್ಟದ್ದು ಇದೇ ಹಾಗಿಯಾ ಸೋಫಿಯಾದ ಪೂಜಾಪೀಠದ ಮೇಲೆ.

ತಪ್ಪು ಒಂದೇ ಕಡೆಯದ್ದಲ್ಲ. ವೆನಿಸ್‌ನವರಿಗೆ ಇಲ್ಲಿ ಸುಂಕ ಇಲ್ಲದೆ ವ್ಯಾಪಾರ ಮಾಡುವ ಹಕ್ಕು ಕೊಟ್ಟಿದ್ದರು, ಊರಿನವರಿಗೆ ಅದರ ಮೇಲೆ ಹೊಟ್ಟೆಕಿಚ್ಚು, ಸಿಟ್ಟು. 1171ರಲ್ಲಿ ಚಕ್ರವರ್ತಿ ಮ್ಯಾನುಯೆಲ್ ಸಾಮ್ರಾಜ್ಯದಲ್ಲಿದ್ದ ವೆನಿಸ್‌ನವರನ್ನೆಲ್ಲ ಒಂದೇ ದಿನ ಹಿಡಿಸಿ ಆಸ್ತಿ ಕಿತ್ತುಕೊಂಡ. 1182ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಜನರೇ ಬೀದಿಗಿಳಿದು ಲ್ಯಾಟಿನರನ್ನು, ಅಂದರೆ ಪಶ್ಚಿಮದಿಂದ ಬಂದು ನೆಲೆಸಿದ್ದವರನ್ನು, ಸಾವಿರಗಟ್ಟಲೆ ಕೊಂದರು. ಹೆಂಗಸು, ಮಕ್ಕಳು, ಆಸ್ಪತ್ರೆಯಲ್ಲಿದ್ದ ರೋಗಿಗಳು ಅಂತಲೂ ಬಿಡಲಿಲ್ಲ. ಇದನ್ನು ಬಿಟ್ಟು 1204ರ ಕತೆ ಹೇಳಿದರೆ ಅದು ಅರ್ಧ ಕತೆ.

ಇನ್ನು ಸಾಲದ ವಿಷಯ. ಇದನ್ನು ಮಕ್ಕಳಿಗೆ ಲೆಕ್ಕದ ಹಾಗೇ ಬೋರ್ಡಿನ ಮೇಲೆ ಬರೆದು ತೋರಿಸಬೇಕು. 1201ರಲ್ಲಿ ಕ್ರುಸೇಡಿನ ದೂತರು ವೆನಿಸ್‌ಗೆ ಬಂದು 33,500 ಜನರಿಗೆ ಹಡಗು, ಊಟ ಬೇಕು ಅಂದರು. ದರ 85,000 ಬೆಳ್ಳಿ ಮಾರ್ಕ್. ವೆನಿಸ್ ಬೇರೆ ವ್ಯಾಪಾರವನ್ನೆಲ್ಲ ಬದಿಗಿಟ್ಟು ಹಡಗು ಕಟ್ಟಿತು. 1202ರಲ್ಲಿ ನೋಡಿದರೆ ಬಂದವರು ಹೇಳಿದ್ದರಲ್ಲಿ ಅರ್ಧಕ್ಕಿಂತ ಕಮ್ಮಿ. ಇದ್ದಬದ್ದ ಬಂಗಾರದ ಪಾತ್ರೆ ಮಾರಿದರೂ ಸುಮಾರು 34,000 ಮಾರ್ಕ್ ಬಾಕಿ. ಸಾಲದ ಬದಲು ಜಾರಾ ಅನ್ನುವ ಊರು ಗೆದ್ದುಕೊಡಿ ಅಂದರು ವೆನಿಸ್‌ನವರು. ಅದೂ ಕ್ರಿಶ್ಚಿಯನ್ ಊರೇ. ಪೋಪ್ ಮೂರನೇ ಇನ್ನೊಸೆಂಟ್ ಬೇಡ ಅಂದಿದ್ದ, ಆದರೂ ಗೆದ್ದರು. ಅಷ್ಟರಲ್ಲಿ ಇಲ್ಲಿಂದ ಓಡಿಹೋಗಿದ್ದ ರಾಜಕುಮಾರ, ಇನ್ನೊಬ್ಬ ಅಲೆಕ್ಸಿಯೊಸ್, ತನ್ನನ್ನು ಪಟ್ಟಕ್ಕೆ ಕೂರಿಸಿದರೆ 2,00,000 ಮಾರ್ಕ್ ಕೊಡುತ್ತೇನೆ, 10,000 ಸೈನಿಕರನ್ನು ಕೊಡುತ್ತೇನೆ, ನಮ್ಮ ಚರ್ಚನ್ನು ಪೋಪನ ಕೆಳಗೆ ತರುತ್ತೇನೆ ಅಂತೆಲ್ಲ ಮಾತು ಕೊಟ್ಟ. ಖಜಾನೆಯಲ್ಲಿ ಅಷ್ಟು ಹಣ ಎಲ್ಲಿತ್ತು? 1203ರ ಆಗಸ್ಟಿನಲ್ಲಿ ಪಟ್ಟಕ್ಕೇನೋ ಬಂದ. ಸಾಲ ತೀರಿಸಲು ಚರ್ಚಿನ ವಿಗ್ರಹಚಿತ್ರಗಳ ಬೆಳ್ಳಿ ಕವಚ ಕಿತ್ತು ಕರಗಿಸಿದ, ಸುಮಾರು ಅರ್ಧ ಕೊಡುವಷ್ಟರಲ್ಲಿ ಊರೇ ತಿರುಗಿಬಿತ್ತು. ಮುಂದಿನ ವರ್ಷದ ಆರಂಭದಲ್ಲೇ ಅರಮನೆಯವರೇ ಅವನನ್ನು ಕುತ್ತಿಗೆ ಹಿಸುಕಿ ಕೊಂದರು. ಹೊರಗೆ ಗೋಡೆಯ ಪಕ್ಕ ಕ್ರುಸೇಡರ್‌ಗಳು ಸಾಲದ ವಸೂಲಿಗೆ ಕಾಯುತ್ತಿದ್ದರು. ಏಪ್ರಿಲ್ 9ರ ದಾಳಿ ಸೋತಿತು. 12ರಂದು ಗೋಲ್ಡನ್ ಹಾರ್ನ್ ಕೊಲ್ಲಿಯ ಕಡೆಯ ಗೋಡೆಗೆ ಹಡಗಿನ ಪಟಸ್ತಂಭದಿಂದಲೇ ಸೇತುವೆ ಚಾಚಿ ಹತ್ತಿದರು. ಆಮೇಲೆ ಮೂರು ದಿನ ಲೂಟಿ.

ನಾನು ನಿಂತಿದ್ದ ಗ್ಯಾಲರಿಯಿಂದ ಬಗ್ಗಿ ನೋಡಿದರೆ ಕೆಳಗಿನ ನೆಲ ಕಾಣುತ್ತದೆ, ಈಗ ಹಸಿರು ಕಾರ್ಪೆಟ್ ಹಾಸಿದ್ದಾರೆ. ಅವತ್ತು ಆ ನೆಲಕ್ಕೆ ಹೇಸರಗತ್ತೆ ಹೊಡೆದುಕೊಂಡು ಬಂದು ಬೆಳ್ಳಿ ಬಂಗಾರ ಹೇರಿದರಂತೆ. ನುಣುಪು ಕಲ್ಲಿನ ಮೇಲೆ ಜಾರಿ ಬಿದ್ದವನ್ನು ಅಲ್ಲೇ ತಿವಿದರು, ನೆಲ ಹೊಲಸಾಯಿತು. ಒಬ್ಬ ಸೂಳೆಯನ್ನು ಕರೆತಂದು ಪೇಟ್ರಿಯಾರ್ಕ್‌ನ, ಅಂದರೆ ಇಲ್ಲಿನ ಚರ್ಚಿನ ಮುಖ್ಯಸ್ಥನ, ಪೀಠದ ಮೇಲೆ ಕೂರಿಸಿ ಹಾಡಿಸಿದರು. ಇದನ್ನು ಬರೆದಿಟ್ಟವನು ನಿಕೇತಾಸ್ ಖೋನಿಯಾಟಿಸ್, ದೊಡ್ಡ ಸರ್ಕಾರಿ ಅಧಿಕಾರಿ, ಇತಿಹಾಸಕಾರ.

ನಿಕೇತಾಸನ ವಿಷಯ ಬರೆಯಲೇಬೇಕು. ಹಿಂದಿನ ವರ್ಷದ ಬೆಂಕಿಯಲ್ಲಿ ಅವನ ದೊಡ್ಡ ಮನೆ ಸುಟ್ಟುಹೋಗಿತ್ತು. ಹಾಗಾಗಿ ಹಾಗಿಯಾ ಸೋಫಿಯಾ ಹತ್ತಿರದ ಇನ್ನೊಂದು ಸಣ್ಣ ಮನೆಯಲ್ಲಿದ್ದ. ಅವನಿಗೊಬ್ಬ ಗೆಳೆಯನಿದ್ದ, ವೈನ್ ವ್ಯಾಪಾರಿ, ವೆನಿಸ್‌ನವನು. ಹೌದು, ವೆನಿಸ್‌ನವನೇ. ಊರಲ್ಲಿ ಲ್ಯಾಟಿನರ ಮೇಲೆ ಸಿಟ್ಟು ಏರಿದ್ದಾಗ ಅವನಿಗೂ ಅವನ ಹೆಂಡತಿಗೂ ಆಸರೆ ಕೊಟ್ಟಿದ್ದು ನಿಕೇತಾಸ್. ಈಗ ಆ ವ್ಯಾಪಾರಿ ಕವಚ ತೊಟ್ಟು, ಆಯುಧ ಹಿಡಿದು ಬಾಗಿಲಲ್ಲಿ ನಿಂತ. ಸೈನಿಕರು ಬಂದರೆ ಅವರದೇ ಭಾಷೆಯಲ್ಲಿ, ಈ ಮನೆ ನಾನು ಆಗಲೇ ಹಿಡಿದಾಯ್ತು, ಮುಂದಿನ ಮನೆಗೆ ಹೋಗಿ, ಅನ್ನುತ್ತಿದ್ದ. ಹಾಗೆ ಸ್ವಲ್ಪ ಹೊತ್ತು ತಡೆದ. ಇನ್ನು ಆಗುವುದಿಲ್ಲ ಅನ್ನಿಸಿದಾಗ ಮನೆಯವರನ್ನೆಲ್ಲ ತಾನೇ ಸೆರೆಹಿಡಿದ ಹಾಗೆ ನಟಿಸುತ್ತಾ ಕೈಹಿಡಿದು ಎಳೆದುಕೊಂಡು ಹೊರಗೆ ತಂದ.

ಏಪ್ರಿಲ್ 17, ಶನಿವಾರ, ಅವರು ಊರು ಬಿಟ್ಟರು. ಮರುದಿನ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ. ಇವತ್ತೂ ಗರಿಗಳ ಭಾನುವಾರವೇ, ಈ ವರ್ಷ ಎರಡೂ ಚರ್ಚುಗಳಿಗೆ ಒಂದೇ ದಿನ ಬಂದಿದೆ. ನಿಕೇತಾಸನ ಹೆಂಡತಿಗೆ ದಿನ ತುಂಬಿತ್ತು. ಆಳುಗಳು ಬಿಟ್ಟು ಓಡಿದ್ದರು. ನಡೆಯಲಾಗದ ಮಕ್ಕಳನ್ನು ಹೆಗಲ ಮೇಲೆ ಹೊತ್ತರು, ಮೊಲೆ ಕುಡಿಯುವ ಕೂಸು ಅವನ ಎದೆಯ ಮೇಲೆ. ಹುಡುಗಿಯರನ್ನು ನಡುವೆ ಬಿಟ್ಟುಕೊಂಡು, ಮುಖಕ್ಕೆ ಕೆಸರು ಬಳಿದುಕೊಳ್ಳಿ ಅಂದರು. ಆದರೂ ದಾರಿಯಲ್ಲಿ ಒಬ್ಬ ಸೈನಿಕ ಒಬ್ಬಳನ್ನು ಎಳೆದುಕೊಂಡು ಹೋದ. ಅವಳ ಅಪ್ಪ ನ್ಯಾಯಾಧೀಶ, ಮುದುಕ, ಕಾಯಿಲೆಯವನು, ಕೆಸರಲ್ಲಿ ಬಿದ್ದು ಗೋಳಾಡಿದ. ನಿಕೇತಾಸ್ ವಾಪಸ್ ತಿರುಗಿದ. ಹೋಗಿ ಬರುವ ಕ್ರುಸೇಡರ್‌ಗಳನ್ನೇ ತಡೆದು, ಕೆಲವರ ಕೈ ಹಿಡಿದು ಬೇಡಿಕೊಂಡ: ಹೆಂಗಸರನ್ನು ಮುಟ್ಟುವುದಿಲ್ಲ ಅಂತ ನೀವೇ ಆಣೆ ಮಾಡಿದ್ದೀರಿ, ನಿಮಗೂ ಹೆಂಡತಿ ಮಕ್ಕಳಿಲ್ಲವೇ ಅಂತ. ಅವರಲ್ಲಿ ಕೆಲವರು ನಿಜಕ್ಕೂ ಅವನ ಜೊತೆ ನಡೆದು, ಆ ಸೈನಿಕ ಇದ್ದ ಮನೆ ಬಾಗಿಲಿಗೆ ಹೋಗಿ, ಬಿಡದಿದ್ದರೆ ನೇಣು ಹಾಕುತ್ತೇವೆ ಅಂತ ಹೆದರಿಸಿ ಹುಡುಗಿಯನ್ನು ಬಿಡಿಸಿಕೊಟ್ಟರು.

ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಗುಂಪಿನಲ್ಲಿ ಇದ್ದದ್ದು ನನ್ನ ಕ್ಲಾಸಿನ ಹುಡುಗಿಯರ ವಯಸ್ಸಿನವರು.

ಮಧ್ಯಾಹ್ನ ಹಿಪ್ಪೊಡ್ರೋಮ್, ಅಂದರೆ ರಥದ ಪಂದ್ಯಗಳ ಮೈದಾನ, ಇದ್ದ ಜಾಗಕ್ಕೆ ಹೋದೆವು, ಈಗ ಅದು ಉದ್ದನೆಯ ಚೌಕ. ಜೋಳದ ಗಾಡಿಗಳು, ಮಕ್ಕಳು, ಬೆಕ್ಕುಗಳು. ಇಲ್ಲಿದ್ದ ನಾಲ್ಕು ತಾಮ್ರದ ಕುದುರೆಗಳು ಈಗ ವೆನಿಸ್‌ನ ಸೇಂಟ್ ಮಾರ್ಕ್ ಚರ್ಚಿನಲ್ಲಿವೆ. ಉಳಿದ ಕಂಚಿನ ಪ್ರತಿಮೆಗಳಿಗೆ ಅಷ್ಟು ಅದೃಷ್ಟವೂ ಇರಲಿಲ್ಲ. ನಾಣ್ಯ ಹೊಡೆಯಲು ಕರಗಿಸಿದರು. ಹೇರಾ ದೇವತೆಯ ತಲೆಯೊಂದನ್ನೇ ಎಳೆಯಲು ನಾಲ್ಕು ಜೋಡಿ ಎತ್ತು ಕಷ್ಟಪಟ್ಟವು ಅಂತ ನಿಕೇತಾಸ್ ಪಟ್ಟಿ ಮಾಡಿದ್ದಾನೆ. ಸೇಂಟ್ ಮಾರ್ಕ್ ಚರ್ಚಿನ ಮೂಲೆಯಲ್ಲಿ ಕೆಂಪು ಕಲ್ಲಿನ ನಾಲ್ವರು ರಾಜರು ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಾರೆ. ಒಬ್ಬನ ಒಂದು ಪಾದ ಇಲ್ಲ, ಬೇರೆ ಕಲ್ಲಿನದನ್ನು ಕೂಡಿಸಿದ್ದಾರೆ. ಕಾಣೆಯಾದ ಆ ಪಾದದ ಹಿಮ್ಮಡಿ 1960ರ ದಶಕದಲ್ಲಿ ಇಲ್ಲೇ ಇಸ್ತಾಂಬುಲಿನಲ್ಲಿ ಅಗೆಯುವಾಗ ಸಿಕ್ಕಿತು. ಮೈ ಅಲ್ಲಿ, ಹಿಮ್ಮಡಿ ಇಲ್ಲಿ.

57 ವರ್ಷ ಈ ಊರು ಲ್ಯಾಟಿನರ ಕೈಯಲ್ಲಿತ್ತು. ಕೊನೆಯ ಲ್ಯಾಟಿನ್ ಚಕ್ರವರ್ತಿ ಬಾಲ್ಡ್ವಿನ್‌ಗೆ ಎಷ್ಟು ಬಡತನ ಅಂದರೆ ಕ್ರಿಸ್ತನ ಮುಳ್ಳಿನ ಕಿರೀಟ ಅಂತ ಪೂಜಿಸುತ್ತಿದ್ದುದನ್ನೇ ಒತ್ತೆ ಇಡಬೇಕಾಯಿತು, ಕೊನೆಗೆ ಅದು ಫ್ರಾನ್ಸಿನ ರಾಜನ ಪಾಲಾಯಿತು. 1261ರ ಜುಲೈ 25ರಂದು, ಊರು ಬಿದ್ದ ಮೇಲೆ ನೈಸಿಯಾದಲ್ಲಿ ನೆಲೆ ಮಾಡಿಕೊಂಡಿದ್ದ ಗ್ರೀಕರು ಕೆಲವೇ ನೂರು ಸೈನಿಕರೊಂದಿಗೆ ರಾತ್ರೋರಾತ್ರಿ ನುಗ್ಗಿ ಊರು ವಾಪಸ್ ಪಡೆದರು. ದೆಯೆಸಿಸ್ ಮೊಸಾಯಿಕ್ ಆಮೇಲಿನ ಕೆಲಸ ಅನ್ನುತ್ತಾರೆ. ಊರು ಸಿಕ್ಕಿತು, ಸಾಮ್ರಾಜ್ಯ ಸಿಗಲಿಲ್ಲ. ಗ್ರೀಸಿನ ತುಂಡುಗಳು, ದ್ವೀಪಗಳು, ವ್ಯಾಪಾರ, ಎಲ್ಲ ಇಟಲಿಯವರ ಕೈಯಲ್ಲಿ. 1453ರ ಫಿರಂಗಿ ಬರುವ ಹೊತ್ತಿಗೆ ಇಷ್ಟುದ್ದದ ಗೋಡೆ ಕಾಯಲು ಏಳೆಂಟು ಸಾವಿರ ಜನ ಮಾತ್ರ ಇದ್ದರು. ಆ ಹುಡುಗನಿಗೆ ಈ ಸಂಖ್ಯೆಯಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ. ಅವನು ಈಗ ಪಾಸಾಗಿ ಹೋಗಿದ್ದಾನೆ, ಆದರೂ ಅವನ ಅಮ್ಮನ ನಂಬರ್ ನನ್ನ ಹತ್ತಿರ ಇದೆ, ಊರಿಗೆ ಹೋದ ಮೇಲೆ ಫೋನ್ ಮಾಡುತ್ತೇನೆ.

2001ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಥೆನ್ಸ್‌ಗೆ ಹೋದಾಗ 1204ರ ಲೂಟಿಯ ಹೆಸರೆತ್ತಿ ದುಃಖ ತೋಡಿಕೊಂಡರು. 2004ರಲ್ಲಿ ಇಬ್ಬರು ಸಂತರ ಅಸ್ಥಿಗಳು ರೋಮಿನಿಂದ ಇಲ್ಲಿನ ಪೇಟ್ರಿಯಾರ್ಕ್ ಕೈಗೆ ವಾಪಸ್ ಬಂದವು. 800 ವರ್ಷ ಹಿಡಿಯಿತು.

ನಿಕೇತಾಸನ ಗುಂಪು ಊರು ದಾಟಿದ್ದು ಬಂಗಾರದ ಬಾಗಿಲಿನಿಂದ. ಹೊರಗೆ ಬಂದ ಮೇಲೆ ಅವನು ನೆಲಕ್ಕೆ ಬಿದ್ದು ಗೋಡೆಗಳನ್ನು ಬೈದ. ಒಳಗಿದ್ದದ್ದೆಲ್ಲ ಹೋದ ಮೇಲೆ ನೀವು ಮಾತ್ರ ಯಾಕೆ ನಿಂತಿದ್ದೀರಿ ಅಂತ. ಆ ಬಾಗಿಲು ಯೆಡಿಕುಲೆ ಕೋಟೆಯ ಗೋಡೆಯಲ್ಲಿ ಇನ್ನೂ ಇದೆ, ಕಮಾನು ಮುಚ್ಚಿದ್ದಾರೆ. ನಾಳೆ ಬೆಳಿಗ್ಗೆ ಬೇಗ ಎದ್ದು ಗೋಡೆಯ ಗುಂಟ ಅಲ್ಲಿಯವರೆಗೆ ನಡೆಯೋಣ ಅಂದಿದ್ದೇನೆ. ತಂಗಿ ಒಪ್ಪಿದ್ದಾಳೆ, ನೀರಿನ ಬಾಟಲಿ ತುಂಬಿಸಿ ಬಾಗಿಲ ಹತ್ತಿರ ಇಟ್ಟು ಮಲಗಿದ್ದಾಳೆ.