ಬಿಎಸ್ಸಿ ಬಿಟ್ಟು ಇಂಜಿನಿಯರಿಂಗ್ ಸೇರಲಾ?

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ, ತಿಪಟೂರಿನ ಬಸ್ಸಿಗೆ ಕಾಯುವಾಗ, ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ. "ಅಕ್ಕ, ನಾನು ಬಿಎಸ್ಸಿ ಮೊದಲನೇ ವರ್ಷ. ಬಿಟ್ಟು ಇಂಜಿನಿಯರಿಂಗ್ ಸೇರಲಾ?" ಕೆಲವು ಸಲ ಅಪ್ಪ ಅಮ್ಮಂದಿರೇ ಬರುತ್ತಾರೆ. "ನಮ್ಮ ಹುಡುಗಂಗೆ ಒಂದು ಮಾತು ಹೇಳಮ್ಮ."

ನನ್ನನ್ನೇ ಕೇಳುವುದಕ್ಕೆ ಕಾರಣ ಇದೆ. 2007ರಲ್ಲಿ ನಾನು ಅದನ್ನೇ ಮಾಡಿದೆ. ಒಂದು ವರ್ಷ ಬಿಎಸ್ಸಿ ಓದಿ, ಬಿಟ್ಟು, ಸಿವಿಲ್ ಸೇರಿದೆ. ಈಗ ತುಮಕೂರಿನಲ್ಲಿ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತೇನೆ. ನಮ್ಮ ಕಡೆ ಈ ವಿಷಯ ಎಲ್ಲರಿಗೂ ಗೊತ್ತು.

ನಾನು ಹೇಳುವುದು ಇಷ್ಟೇ. ಕಾಲೇಜು ಬಿಡುವ ಮೊದಲು ಒಂದು ತಿಂಗಳು ಇಂಜಿನಿಯರಿಂಗ್ ಪಾಠ ಓದಿ ನೋಡಿ, ಲೆಕ್ಕ ಮಾಡಿ ನೋಡಿ. ಸೇರಬೇಕೋ ಬೇಡವೋ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ನನ್ನ ಕತೆ ಸ್ವಲ್ಪ ಹೇಳಬೇಕು.

ನಾನು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ತಗೊಂಡು ಬಿಎಸ್ಸಿ ಸೇರಿದ್ದು ಇಷ್ಟಪಟ್ಟೇ. ಫಿಸಿಕ್ಸ್ ಲ್ಯಾಬಿನಲ್ಲಿ ಒಂದು ಪ್ರಯೋಗ ಇತ್ತು, ಯೂನಿಫಾರ್ಮ್ ಬೆಂಡಿಂಗ್. ಒಂದು ಮೀಟರ್ ಸ್ಕೇಲನ್ನು ಎರಡು ಚೂಪು ಅಂಚುಗಳ ಮೇಲೆ ಅಡ್ಡ ಇಡುತ್ತಾರೆ. ಎರಡು ತುದಿಗೂ ತೂಕ ನೇತುಹಾಕುತ್ತಾರೆ. ನಡುವೆ ಮೇಣದಲ್ಲಿ ಒಂದು ಗುಂಡುಪಿನ್ನು ನಿಲ್ಲಿಸಿ, ಅದರ ತುದಿಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಬೇಕು. ಎರಡೂ ಕಡೆ ಇನ್ನೊಂದೊಂದು ತೂಕ ಹಾಕಿದ ಕೂಡಲೇ ಪಿನ್ನಿನ ತುದಿ ಅಡ್ಡಗೆರೆಯಿಂದ ಜರುಗುತ್ತದೆ. ತುದಿಗಳು ಬಗ್ಗಿದಷ್ಟೂ ನಡು ಮೇಲೇಳುತ್ತದೆ. ಬರೀ ಕಣ್ಣಿಗೆ ಸ್ಕೇಲು ನೆಟ್ಟಗೇ ಇದ್ದ ಹಾಗೆ ಕಾಣುತ್ತದೆ. ಮೈಕ್ರೊಸ್ಕೋಪಿನಲ್ಲಿ ಮಾತ್ರ ಅದು ಬಗ್ಗುವುದು ಗೊತ್ತಾಗುತ್ತದೆ.

ಎಲ್ಲರೂ ರೀಡಿಂಗ್ ಬರೆದು, ಯಂಗ್ಸ್ ಮಾಡ್ಯುಲಸ್ (ವಸ್ತು ಬಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವ ಅಳತೆ) ಲೆಕ್ಕ ಹಾಕಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೊರಟರು. ನಾನು ಅಲ್ಲೇ ನಿಂತೆ. ನಮ್ಮನೆ ಅಟ್ಟದ ತೊಲೆಗಳು ಕಣ್ಣ ಮುಂದೆ ಬಂದವು. ಅದರ ಮೇಲೆ ಸಾವಿರಗಟ್ಟಲೆ ಕಾಯಿ ಕೂತಿರುತ್ತವೆ. ಆ ತೊಲೆ ಎಷ್ಟು ಬಗ್ಗುತ್ತದೆ? ಇನ್ನೊಂದು ಐನೂರು ಕಾಯಿ ಹಾಕಬಹುದಾ? ಎಷ್ಟು ದಪ್ಪ ಇರಬೇಕು ಅಂತ ಮೊದಲೇ ಲೆಕ್ಕ ಹಾಕೋಕೆ ಬರುತ್ತಾ? ಲೆಕ್ಚರರನ್ನು ಕೇಳಿದೆ. ಅವರು ಒಳ್ಳೆಯವರು, ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. "ಅದು ನಮ್ಮ ಸಿಲಬಸ್ಸಿನಲ್ಲಿ ಇಲ್ಲಮ್ಮ, ಸಿವಿಲ್‌ನವರು ಓದ್ತಾರೆ" ಅಂದರು. ಪಕ್ಕದ ಮನೆ ಅಣ್ಣ ಸಿವಿಲ್ ಓದುತ್ತಿದ್ದರು. ಅವರ ಹಳೇ ಪುಸ್ತಕ ತಂದು ರಾತ್ರಿ ಹೊತ್ತು ಓದಲು ಶುರು ಮಾಡಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೂ ಪುಸ್ತಕ ಮುಚ್ಚೋಕೆ ಮನಸ್ಸಾಗಲಿಲ್ಲ.

ಅಪ್ಪನಿಗೆ ಹೇಳಿದಾಗ ಅವರು ತಕ್ಷಣ ಒಪ್ಪಲಿಲ್ಲ. ನಮ್ಮದು ತೆಂಗಿನ ತೋಟ. ತಿಪಟೂರು ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಆರು ತಿಂಗಳಿಗೇ ಅಟ್ಟದಿಂದ ಇಳಿಸಿ ಒಡೆದರೆ ಅದು ಹಸಿ ಕಾಯೂ ಅಲ್ಲ, ಕೊಬ್ಬರಿಯೂ ಅಲ್ಲ. ನೀನು ಹಂಗೆ ಆಗ್ಬಾರ್ದು ಮಗಳೇ." ಅವರ ಭಯ ಸುಳ್ಳಲ್ಲ. ನಡುವೆ ಬಿಟ್ಟು ಎಲ್ಲೂ ಸಲ್ಲದವರನ್ನು ಅವರು ಕಂಡಿದ್ದರು. ನಾನೂ ಆಮೇಲೆ ಕಂಡಿದ್ದೇನೆ. ಆ ಪುಸ್ತಕದ ಲೆಕ್ಕ ಮಾಡಿದ್ದ ನೋಟ್‌ಬುಕ್ ತೋರಿಸಿದೆ. ಅವರಿಗೆ ಲೆಕ್ಕ ಅರ್ಥವಾಗಲಿಲ್ಲ, ಆದರೆ ನೋಟ್‌ಬುಕ್ ತುಂಬಿರುವುದು ಕಂಡಿತು. ಎರಡು ದಿನ ಬಿಟ್ಟು, "ಸಿಇಟಿ ಬರಿ, ನೋಡೋಣ" ಅಂದರು. ಸೀಟು ಸಿಕ್ಕಾಗ ಫೀಸಿಗೆ ಅಂತ ರೇಟು ಕಡಿಮೆ ಇರುವಾಗಲೇ ಕೊಬ್ಬರಿ ಮಾರಿದರು.

ಹಾಗಾಗಿ ಕೇಳಿ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ. ನಿನ್ನನ್ನು ಎಳೆಯುತ್ತಿರುವುದು ಏನು? ಆ ಕೆಲಸವೋ, ಇಂಜಿನಿಯರ್ ಅನ್ನುವ ಹೆಸರೋ, ಇಲ್ಲಾ ಪಿಯುಸಿ ಗೆಳೆಯರೆಲ್ಲ ಅಲ್ಲಿದ್ದಾರೆ ಅನ್ನುವ ಸಂಕಟವೋ? ಆ ಸಂಕಟ ನನಗೆ ಗೊತ್ತು. ಊರಿನಲ್ಲಿ ಯಾರಾದರೂ "ಏನು ಓದ್ತಿದ್ದೀಯ?" ಅಂದಾಗ "ಬಿಎಸ್ಸಿ" ಅಂದರೆ, "ಓ, ಸೀಟು ಸಿಗ್ಲಿಲ್ವಾ" ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ. ಆದರೆ ಅದರಿಂದ ತಪ್ಪಿಸಿಕೊಳ್ಳಲು ನಾಲ್ಕು ವರ್ಷ ಕೊಡುವುದು ತುಂಬಾ ದುಬಾರಿ.

ಈ ತಿಂಗಳಲ್ಲಿ ಏನು ಓದಬೇಕು? ಯಾವ ಬ್ರಾಂಚ್ ಆದರೂ ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಥರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಫಿಸಿಕ್ಸ್ ಸೈಕಲ್, ಇನ್ನೊಂದು ಸೆಮಿಸ್ಟರ್ ಕೆಮಿಸ್ಟ್ರಿ ಸೈಕಲ್ ಅಂತ ಇರುತ್ತದೆ. ಎಂ-1, ಎಂ-2 ಅಂತ ಕರೆಯುವ ಮ್ಯಾಥ್ಸ್ ಯಾರನ್ನೂ ಬಿಡುವುದಿಲ್ಲ. ಕಂಪ್ಯೂಟರ್ ಇಷ್ಟ ಅಂತ ಬಂದವರೂ ಮೊದಲು ಇದನ್ನೇ ಪಾಸು ಮಾಡಬೇಕು. ಬ್ಯಾಕ್, ಅಂದರೆ ಫೇಲಾದ ವಿಷಯ, ಉಳಿಸಿಕೊಂಡು ಒದ್ದಾಡುವವರಲ್ಲಿ ಜಾಸ್ತಿ ಜನ ಸೋಲುವುದು ಇಲ್ಲೇ. ಅದಕ್ಕೇ ಯಾರಾದರೂ ಸೀನಿಯರ್ ಹತ್ತಿರ ಎಂ-1 ಪುಸ್ತಕ, ಎರಡು ಮೂರು ಹಳೇ ಪ್ರಶ್ನೆಪತ್ರಿಕೆ ತಗೊಳ್ಳಿ. ಜೊತೆಗೆ ನಿಮಗೆ ಬೇಕಾದ ಬ್ರಾಂಚಿನ ಒಂದು ವಿಷಯ. ಸಿವಿಲ್, ಮೆಕ್ಯಾನಿಕಲ್ ಆದರೆ ಮೆಕ್ಯಾನಿಕ್ಸ್. ಕಂಪ್ಯೂಟರ್ ಆದರೆ ಪ್ರೋಗ್ರಾಮಿಂಗ್, ಅದೂ ವಿಡಿಯೊ ನೋಡುವುದಲ್ಲ, ಕೂತು ಬರೆದು ಓಡಿಸುವುದು. ದಿನಕ್ಕೆ ಒಂದೂವರೆ ಗಂಟೆ ಸಾಕು.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಹದಿನೈದು ದಿನಕ್ಕೆ ಅವನೇ ಫೋನ್ ಮಾಡಿ, "ಅಕ್ಕ, ಪ್ರೋಗ್ರಾಮ್ ಬರೆಯೋದು ಖುಷಿಯಾಗ್ತಿದೆ, ಉಳಿದದ್ದು ಯಾವುದೂ ಬೇಡ ಅನಿಸ್ತಿದೆ" ಅಂದ. ಅವನಿಗೆ ನಾನು ಬಿಎಸ್ಸಿ ಬಿಡಬೇಡ ಅಂದೆ. ಅವನದು ಮ್ಯಾಥ್ಸ್, ಕಂಪ್ಯೂಟರ್ ಇರುವ ಬಿಎಸ್ಸಿ. ಮುಗಿಸಿ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಸಿಎ (ಕಂಪ್ಯೂಟರಿನ ಸ್ನಾತಕೋತ್ತರ ಪದವಿ) ಸೇರಬಹುದು. ಎಂಸಿಎ ಮೊದಲು ಮೂರು ವರ್ಷ ಇತ್ತು, 2020ರಿಂದ ಎರಡೇ ವರ್ಷ. ಲೆಕ್ಕ ಹಾಕಿ ನೋಡಿ. ಬಿಎಸ್ಸಿ ಮೂರು, ಎಂಸಿಎ ಎರಡು, ಒಟ್ಟು ಐದು. ಈಗ ಬಿಟ್ಟು ಇಂಜಿನಿಯರಿಂಗ್ ಸೇರಿದರೆ ಕಳೆದ ಒಂದು, ಮುಂದಿನ ನಾಲ್ಕು, ಅದೂ ಐದೇ. ವರ್ಷ ಅಷ್ಟೇ ಆಗುವಾಗ ಇಷ್ಟವಿಲ್ಲದ ದಾರಿ ಯಾಕೆ ಹಿಡಿಯಬೇಕು?

ಫಿಸಿಕ್ಸ್ ಇಷ್ಟ ಇರುವವರಿಗೆ ಇದನ್ನೇ ಇನ್ನೂ ಒತ್ತಿ ಹೇಳುತ್ತೇನೆ. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಆ ತಂಡವನ್ನು ನಡೆಸಿದವರು ಉಡುಪಿ ಕಡೆಯ ಯು.ಆರ್. ರಾವ್. ಅವರು ಓದಿದ್ದು ಫಿಸಿಕ್ಸ್. ಇನ್ನು ನಾವೆಲ್ಲ ಹೆಸರು ಹೇಳುವ ವಿಶ್ವೇಶ್ವರಯ್ಯನವರು ಓದಿದ ದಾರಿ ಬೇರೆ. ಅವರು ಮೊದಲು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿಎ ಮಾಡಿದರು. ಓದಿನ ಖರ್ಚಿಗೆ ಮನೆಪಾಠ ಹೇಳುತ್ತಿದ್ದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಆಗ ಒಂದು ಡಿಗ್ರಿ ಮುಗಿಸಿ ಇನ್ನೊಂದಕ್ಕೆ ಹೋಗುವುದನ್ನು ಯಾರೂ ವರ್ಷ ಹಾಳು ಅಂದುಕೊಂಡಿರಲಿಲ್ಲ.

ಸರಿ, ಒಂದು ತಿಂಗಳು ಓದಿದಿರಿ, ಬೇಕೇ ಬೇಕು ಅನಿಸಿತು. ಈಗ ಪಿಯುಸಿ ಮಾರ್ಕ್ಸ್ ಕಾರ್ಡ್ ತೆಗೆಯಿರಿ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಮೂರನೆಯದು ಕೆಮಿಸ್ಟ್ರಿ, ಅಥವಾ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಬಯಾಲಜಿಯಂಥ ವಿಷಯ. ಮೂರೂ ಸೇರಿ ಶೇ. 45, ಮೀಸಲಾತಿ ಇದ್ದವರಿಗೆ ಶೇ. 40. ಪಿಯುಸಿಯಲ್ಲಿ ಕಾಮರ್ಸ್ ಓದಿ ಬಿಕಾಂ ಸೇರಿದವರಿಗೆ ಸಿಇಟಿಯ ಈ ಬಾಗಿಲು ತೆರೆದಿಲ್ಲ. ಬೇಜಾರಿನ ಮಾತು, ಆದರೆ ಮುಚ್ಚಿಡುವುದರಿಂದ ಯಾರಿಗೂ ಉಪಯೋಗ ಇಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಸಿಇಟಿ, ಅರ್ಧ ಪಾಲು ಪಿಯುಸಿ ಅಂಕ. ಸಿಇಟಿ ಎಷ್ಟು ಸಲ ಬರೆದರೂ ಪಿಯುಸಿ ಅಂಕ ಅಲ್ಲೇ ಇರುತ್ತದೆ. ಪಿಯುಸಿಯಲ್ಲಿ ಶೇ. 75 ಇದೆ ಅಂದುಕೊಳ್ಳಿ. ಸಿಇಟಿಯಲ್ಲಿ 180ಕ್ಕೆ 90 ಬಂದರೆ ಒಟ್ಟು 62.5. ಕಷ್ಟಪಟ್ಟು ಅದನ್ನು 126ಕ್ಕೆ ಏರಿಸಿದರೆ 72.5. ಯಾವ ರ‍್ಯಾಂಕಿಗೆ ಹಿಂದಿನ ವರ್ಷ ಯಾವ ಕಾಲೇಜು, ಯಾವ ಬ್ರಾಂಚ್ ಸಿಕ್ಕಿತ್ತು ಅಂತ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನ ಕಟ್‌ಆಫ್ ಪಟ್ಟಿಯಲ್ಲಿ ಸಿಗುತ್ತದೆ. ಆ ಪಟ್ಟಿ ನೋಡದೆ ಯಾರೂ ನಿರ್ಧಾರ ಮಾಡಬಾರದು. ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತರವರೆಗೆ ಓದಿದವರು ಅದಕ್ಕಿರುವ ಮೀಸಲಾತಿಯ ಸರ್ಟಿಫಿಕೇಟುಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೇ ವಾರ ಶಾಲೆಗೂ ಬಿಇಒ ಆಫೀಸಿಗೂ ಓಡಾಡಿ ಸುಸ್ತಾಗುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಬಿಎಸ್ಸಿ ಮುಗಿಸಿದ ಮೇಲೆ ನೇರ ಎರಡನೇ ವರ್ಷಕ್ಕೆ ಸೇರಬಹುದಾ ಅಂತಲೂ ಕೇಳುತ್ತಾರೆ. ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ನಿಯಮದಲ್ಲಿ ಹೀಗೆ ನೇರ ಸೇರುವ ಲ್ಯಾಟರಲ್ ಎಂಟ್ರಿಗೆ ಬಿಎಸ್ಸಿಯವರಿಗೂ ಜಾಗ ಕೊಟ್ಟಿದ್ದಾರೆ. ಪಿಯುಸಿಯಲ್ಲಿ ಮ್ಯಾಥ್ಸ್ ಓದಿರಬೇಕು. ಮೊದಲ ವರ್ಷದ ಡ್ರಾಯಿಂಗ್, ಮೆಕ್ಯಾನಿಕ್ಸ್ ಎರಡನ್ನೂ ಎರಡನೇ ವರ್ಷದ ಪಾಠದ ಜೊತೆಗೇ ಪಾಸು ಮಾಡಬೇಕು. ಆದರೆ ನಮ್ಮಲ್ಲಿ ಈ ದಾರಿಯಲ್ಲಿ ಬರುವವರು ಹೆಚ್ಚಾಗಿ ಡಿಪ್ಲೊಮಾ ಮುಗಿಸಿ ಅದಕ್ಕಿರುವ ಡಿಸಿಇಟಿ ಪರೀಕ್ಷೆ ಬರೆದ ಮಕ್ಕಳೇ. ಮೂರು ವರ್ಷ ಬಿಎಸ್ಸಿ, ಮೂರು ವರ್ಷ ಇಂಜಿನಿಯರಿಂಗ್, ಒಟ್ಟು ಆರು ವರ್ಷ. ನನ್ನ ಕೇಳಿದರೆ, ಬಿಡುವುದಿದ್ದರೆ ಮೊದಲ ವರ್ಷದಲ್ಲೇ ಬಿಡಿ. ಮೂರನೇ ವರ್ಷದಲ್ಲಿ ಇದ್ದೀರಾ? ದಯವಿಟ್ಟು ಮುಗಿಸಿ.

ಒಂದು ತಪ್ಪು ಮಾತ್ರ ಮಾಡಬೇಡಿ. ಸಿಇಟಿ ಬರೀತೀನಿ ಅಂತ ಬಿಎಸ್ಸಿ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಬೇಡಿ. ಎರಡು ದೋಣಿಯಲ್ಲಿ ಕಾಲಿಡಬಾರದು ಅಂತಾರೆ. ಈ ಕೆಲವು ತಿಂಗಳು ಇಡಲೇಬೇಕು. ಸಿಇಟಿ ಏಪ್ರಿಲ್ ಹೊತ್ತಿಗೆ ಆಗುತ್ತದೆ, ಸೀಟು ಕೈಗೆ ಬರುವುದು ಮಳೆಗಾಲದಲ್ಲಿ. ನಡುವೆ ಎರಡನೇ ಸೆಮಿಸ್ಟರ್ ಪರೀಕ್ಷೆ ಬರುತ್ತದೆ. ಬರೆಯಿರಿ. ಸೀಟು ಸಿಗದಿದ್ದರೆ ವಾಪಸ್ ಹೋಗಲು ಒಂದು ಜಾಗ ಇರಬೇಕು, ಅಲ್ವಾ? ಆ ವರ್ಷದ ಓದೂ ದಂಡ ಆಗುವುದಿಲ್ಲ. ಬಿಎಸ್ಸಿಯಲ್ಲಿ ಕಲಿತ ಕ್ಯಾಲ್ಕುಲಸ್ ಇಲ್ಲದಿದ್ದರೆ ಎಂ-1ರಲ್ಲಿ ನಾನು ಬಹಳ ಕಷ್ಟಪಡುತ್ತಿದ್ದೆ.

ಬಿಡುವಾಗ ನನಗೆ ಆದ ತೊಂದರೆ ನಿಮಗೆ ಆಗದಿರಲಿ. ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಿನವರ ಹತ್ತಿರ ಇತ್ತು. ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಮಾತ್ರ ಕೊಡುತ್ತೇವೆ ಅಂದರು. ಅಪ್ಪ ಆಫೀಸಿನ ಬೆಂಚಿನ ಮೇಲೆ ಮೂರು ದಿನ ಕೂತರು. ಮೂರನೇ ದಿನ ಸಂಜೆ ಕೊಟ್ಟರು. ಅಪ್ಪ ಆ ಬೆಂಚಿನ ಮೇಲೆ ಟವೆಲ್ ಮಡಚಿ ಇಟ್ಟುಕೊಂಡು ಕೂತಿದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗ ಹಾಗೆ ಇಟ್ಟುಕೊಳ್ಳುವಂತಿಲ್ಲ. ಒರಿಜಿನಲ್ ಸರ್ಟಿಫಿಕೇಟ್ ತಡೆಹಿಡಿಯಬಾರದು ಅಂತ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಒಂದು ಪ್ರತಿ ಕೈಯಲ್ಲಿ ಹಿಡಿದು, ಅರ್ಜಿ ಬರೆದು, ಸ್ವೀಕೃತಿ ಹಾಕಿಸಿಕೊಳ್ಳಿ.

ಕೊನೆಗೆ ಒಂದು ಹುಡುಗಿ ವಿಷಯ. ನಮ್ಮ ಸಂಬಂಧಿಕರ ಮಗಳು, ಬಿಎಸ್ಸಿ ಮೊದಲ ವರ್ಷ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಜಗುಲಿ ಮೇಲೆ ಕೂತು ಅದೇ ಪ್ರಶ್ನೆ ಕೇಳಿದಳು. ಒಂದು ಲೆಕ್ಕ ಕೊಟ್ಟೆ. ನುಣುಪು ಗೋಡೆಗೆ ಒಂದು ಏಣಿ ಒರಗಿದೆ, ಅದರ ಮೇಲೆ ಯಾವ ಯಾವ ಬಲ ಇದೆ, ಬಾಣ ಹಾಕಿ ತೋರಿಸು. ಮೊದಲ ಸಲ ತೂಕದ ಬಾಣ ಮಾತ್ರ ಹಾಕಿದಳು. ಎರಡನೇ ಸಲ ನೆಲದ್ದೂ ಗೋಡೆಯದ್ದೂ ಹಾಕಿದಳು. "ಹೀಗಿದ್ದರೆ ಏಣಿ ನಿಲ್ಲುತ್ತಾ?" ಅಂದೆ. ಅಳಿಸಿದಳು, ಬರೆದಳು. ಅವರಮ್ಮ ಒಳಗಿಂದ ಎರಡು ಸಲ ಊಟಕ್ಕೆ ಕರೆದರು. ಎದ್ದು ಒಳಗೆ ಹೋದಳು, ಊಟಕ್ಕೆ ಅಂದುಕೊಂಡೆ. ನೋಡಿದರೆ ಅಟ್ಟದ ಏಣಿಯ ಬುಡದಲ್ಲಿ ಕೂತು, ಏಣಿ ಕಾಲು ನೆಲ ಕಚ್ಚುವ ಕಡೆ ಕೈಯಾಡಿಸುತ್ತಿದ್ದಳು. ವಾಪಸ್ ಬಂದು ನೆಲದ ಹತ್ತಿರ ಗೋಡೆ ಕಡೆಗೆ ಒಂದು ಬಾಣ ಎಳೆದಳು. "ಘರ್ಷಣೆ ಬಿಟ್ಟುಬಿಟ್ಟಿದ್ದೆ ಅಕ್ಕ. ನೆಲನೂ ನುಣುಪಾಗಿದ್ರೆ ಏಣಿ ನಿಲ್ಲೋದೇ ಇಲ್ಲ."

ಅವಳಿಗೆ ನಾನು ಹೂಂ ಅಂದೆ. ಅವತ್ತೇ ಅವರಪ್ಪನ ಹತ್ತಿರವೂ ಮಾತಾಡಿದೆ. ಏಪ್ರಿಲ್‌ನಲ್ಲಿ ಸಿಇಟಿ ಬರೆದಳು. ಈಗ ಎರಡನೇ ಸೆಮಿಸ್ಟರ್ ಪರೀಕ್ಷೆಗೆ ಓದುತ್ತಿದ್ದಾಳೆ.